ಐದು ಡೋಸಿನ ಸುದ್ದಿ

"ಹೊಟ್ಟಿ ನೋವು ಅಂತ ಬಂದವರಿಗಿ ಏನು ತಿಂದಿರಿ ಅಂತ ಕೇಳಬೇಕು. ಎದಿ ನೋವು ಅಂತ ಬಂದವರಿಗಿ ಏನು ಸುದ್ದಿ ಕೇಳಿದಿರಿ ಅಂತ ಕೇಳಬೇಕು" ಅಂತಿದ್ರು ನಮ್ಮ ಡಾಕ್ಟರ್ ಸಾಹೇಬ್ರು. ಅವರ ದವಾಖಾನ್ಯಾಗ ನಾ ಕಂಪೌಂಡರ್ ಇದ್ದಾಗ ಇಂಥವು ಒಂದರ ಹಿಂದ ಒಂದು ನಡೀತೇ ಇರ್ತಿದ್ದವು. ಈಗ ಹೇಳಿದ್ರ ಮಂದಿ ಹೊಟ್ಟಿ ಹಿಡ್ಕೊಂಡು ನಗತಾರ. ನಗಲಿ. ಆವಾಗ ನನಗ ಬೆವರು ಬಂದಿತ್ತು.

ದವಾಖಾನಿ ಕಲಬುರ್ಗಿ ಸ್ಟೇಶನ್ ಬಜಾರದಾಗಿತ್ತು. ಸಾಹೇಬ್ರು ಮುಸಲ್ಮಾನರು, ಹೈದರಾಬಾದಿನ್ಯಾಗ ಡಾಕ್ಟರಕಿ ಕಲ್ತವರು, ಕನ್ನಡ ನನಗಿಂತ ಸಾಫ್ ಮಾತಾಡ್ತಿದ್ರು. ನಿಜಾಮರ ರಾಜ್ಯ ಇನ್ನೇನು ಮುಗೀತದ ಅಂತ ಒಬ್ಬರು, ಎಂದೂ ಮುಗ್ಯಾಂಗಿಲ್ಲ ಅಂತ ಒಬ್ಬರು ಪಿಸಿಪಿಸಿ ಮಾತಾಡೋ ಕಾಲ ಅದು. ನಿಜಾಮರ ಕಡಿ ಹೊಡದಾಡೋ ರಜಾಕಾರರ ಹೆಸರು ಯಾರೂ ಜೋರಾಗಿ ತಗೋತಿದ್ದಿಲ್ಲ. ಹಗಲ್ಹೊತ್ತಿನ್ಯಾಗೇ ಓಣಿ ಹೆಂಗ ಬಿಕೋ ಅಂತಿತ್ತು ಅಂದ್ರ, ನನ್ನ ಚಪ್ಪಲಿ ಸಪ್ಪಳ ನನಗೇ ಯಾರೋ ಹಿಂದ ಬಂದಂಗ ಕೇಳಸ್ತಿತ್ತು. ನಾಕು ಸಲ ತಿರುಗಿ ನೋಡ್ತಿದ್ದೆ. ಐದನೇ ಸಲ ನೋಡಾಕ ಧೈರ್ಯ ಇರ್ತಿದ್ದಿಲ್ಲ.

ಆ ವರ್ಷ ಬಂದವರಾಗ ಅರ್ಧ ಮಂದೀದು ಒಂದೇ ಬ್ಯಾನಿ. ಎದಿ ಢವಢವ, ನಿದ್ದಿ ಇಲ್ಲ, ಎಡಗೈ ಜೋಮು. ಸಾಹೇಬ್ರು ಎದಿಗಿ ನಳಿಗಿ ಹಚ್ಚಿ, ಕಣ್ಣು ಮುಚ್ಚಿ ಕೇಳಿ, "ಅಂಜಿಕಿ" ಅಂತ ಒಂದೇ ಮಾತು ಅಂತಿದ್ರು. ನಾ ಗುಲಾಬಿ ಬಣ್ಣದ ಔಷಧ ಬಾಟಲಿಗಿ ತುಂಬಿ, ಮ್ಯಾಲ ಹಲ್ಲು ಕತ್ತರಿಸಿದ ಕಾಗದದ ಪಟ್ಟಿ ಹಚ್ಚಿ ಕೊಡ್ತಿದ್ದೆ. ಒಂದು ಹಲ್ಲಿನ ತನಕ ಕುಡದ್ರ ಒಂದು ಡೋಸು. ಆ ಪಟ್ಟೀನೇ ಮುಂದ ನನ್ನ ಕೊಳ್ಳಿಗಿ ಗಂಟು ಬಿತ್ತು.

೧. ತಾರು

ಗಂಜ್ ಬಜಾರದಾಗ ಬ್ಯಾಳಿ ವ್ಯಾಪಾರ ಮಾಡೋ ಸಾವ್ಕಾರ್ರೊಬ್ಬರ ಮನಿಗಿ ಒಂದು ದಿನ ತಾರು, ಅಂದ್ರ ತಂತಿ ಸುದ್ದಿ, ಬಂತು. ತಾರು ಇಂಗ್ಲೀಷಿನ್ಯಾಗ ಇರ್ತಿತ್ತು, ಓದೋರು ಓಣ್ಯಾಗ ಒಬ್ಬರಿಲ್ಲ. ಆದ್ರ ತಾರು ಬಂತು ಅಂದಮ್ಯಾಲ ಓದೋದೇನದ? ಯಾರೋ ಹೋಗ್ಯಾರ ಅಂತನೇ ಲೆಕ್ಕ. ಹಿಂಗಾಗಿ ಆಗಿನ ರೀತಿ ಏನಂದ್ರ, ಮದಲು ಅಳೋದು, ಆಮ್ಯಾಲ ಓದಸೋದು.

ನಾವು ಹೋದಾಗ ಮನಿ ತುಂಬ ಅಳು. ಸತ್ತವರು ಯಾರು ಅಂತ ಗೊತ್ತಿಲ್ಲ, ಅದಕ್ಕ ಒಬ್ಬೊಬ್ಬರು ಒಬ್ಬೊಬ್ಬರ ಹೆಸರು ಹಿಡದು ಅಳಾಕತ್ತಾರ. ಒಬ್ಬಾಕಿ "ನನ್ನ ತಮ್ಮಾ, ನನ್ನ ಬಿಟ್ಟು ಹೋದೆಲ್ಲೋ" ಅಂತ ಎದಿ ಎದಿ ಬಡ್ಕೊಳ್ಳಾಕತ್ತಾಳ. ಆಕಿ ತಮ್ಮ ಆಕಿ ಬಾಜೂಕೇ ಕುಂತು, ತನ್ನ ಹೆಸರು ಕೇಳ್ಕೋತ ತಾನೂ ಅಳಾಕತ್ತಾನ.

ಸಾವ್ಕಾರ್ರು ಬ್ಯಾಳಿ ಚೀಲದ ಮ್ಯಾಲ ಬಿದ್ದಿದ್ರು. ಮೈ ತಣ್ಣಗ, ತುಟಿ ನೀಲಿ, ಕಣ್ಣು ತೆರದೇ ಇದ್ದವು, ಆದ್ರ ನಮ್ಮನ್ನ ನೋಡ್ತಿದ್ದಿಲ್ಲ. ಸಾಹೇಬ್ರು ಸೂಜಿ ಹಾಕಿದ್ರು, ಎದಿ ತಿಕ್ಕಿದ್ರು. ಎಷ್ಟೋ ಹೊತ್ತಿನ ಮ್ಯಾಲ ಸಾವ್ಕಾರ್ರು ಎಲ್ಲಿಂದೋ ಮಾತಾಡಿದಂಗ "ಯಾರು ಹೋದ್ರು?" ಅಂದ್ರು. ಸಾಹೇಬ್ರು ತಾರು ತಗೊಂಡು ಓದಿ, "ಯಾರೂ ಹೋಗಿಲ್ಲ, ಬಂದಾರ. ನಿಮ್ಮ ಸೊಸಿ ಗಂಡು ಹಡದಾಳ" ಅಂದ್ರು. ಸಾವ್ಕಾರ್ರು ಎದ್ದು ಕುಂತ್ರು. "ಗಂಡೇನ್ರಿ?" ಅಂತ ನಕ್ಕರು. ನಗಕೋತನೇ ಮತ್ತ ಹಿಂದಕ್ಕ ಬಿದ್ರು. ಈ ಸಲ ಉಸರೂ ನಿಂತಿತ್ತು, ಆದ್ರ ಮುಖದ ಮ್ಯಾಲ ನಗಿ ಹಂಗೇ ಇತ್ತು. ಆ ನಗಿ ನೋಡಿ ನಾ ಎರಡು ಹೆಜ್ಜಿ ಹಿಂದ ಸರದೆ.

ಉಳದ್ರು, ಪುಣ್ಯಾತ್ಮರು. ಟಾಂಗಾದಾಗ ಹೊಳ್ಳಿ ಬರೋ ಮುಂದ ಸಾಹೇಬ್ರು ಅಂದ್ರು, "ನೋಡು ಭಾಯಿ, ಕೆಟ್ಟ ಸುದ್ದಿಗಿ ಬಿದ್ದವನು ಲಗೂನೇ ಎದ್ದ. ಒಳ್ಳೇ ಸುದ್ದಿಗಿ ಬಿದ್ದವನನ್ನ ಎಬ್ಬಸಾಕ ನನ್ನ ಜೀವ ಹೋತು. ನಾಳಿಂದ ಸುದ್ದೀನೂ ಡೋಸ್ ಮಾಡೇ ಕೊಡೋದು. ಕೆಟ್ಟದ್ದಕ್ಕ ಐದು, ಒಳ್ಳೇದಕ್ಕ ಮೂರು. ಕೊಡಾಂವ ನೀನು. ನಿನ್ನ ಮುಖ ನೋಡಿದ್ರ ಏನೂ ತಿಳ್ಯಾಂಗಿಲ್ಲ."

ಇದು ತಿಳದ ಸಾವ್ಕಾರ್ರು ಈ ಡೋಸಿನ ಪದ್ಧತಿ ಭಾಳ ಮನಸಿಗಿ ತಗೊಂಡ್ರು. ಮೊಮ್ಮಗನ ತೊಟ್ಲಕ್ಕ ನಮ್ಮನ್ನ ಕರ್ಯಾಕ ಆಳು ಕಳಿಸಿದ್ರು. ಆಳು ಮದಲನೇ ದಿನ ಬಂದು "ನಮ್ಮ ಮನ್ಯಾಗ ಏನೋ ನಡ್ಯಾಕತ್ತದ್ರಿ" ಅಂತ ಹೋದ. ಎರಡನೇ ದಿನ "ಒಳ್ಳೇದೇ ಅದರಿ" ಅಂತ ಹೋದ. ಮೂರನೇ ದಿನ "ಊಟಕ್ಕ ಬರ್ರಿ" ಅಂದ.

೨. ಪರದಾದ ಹಿಂದಿನ ಎದಿ

ಒಬ್ಬ ದೊಡ್ಡ ಅಧಿಕಾರಿಗಳ ಮನಿಗಿ ಕರೆ ಬಂತು. ಬೇಗಂ ಸಾಹಿಬಾಗ ಎದಿ ಹೊಡ್ಕೋತದಂತ. ಆ ಮನ್ಯಾಗ ಡಾಕ್ಟರ್ ಆದ್ರೂ ಹೆಣಮಕ್ಕಳನ್ನ ನೋಡೋಹಂಗಿಲ್ಲ. ನಳಿಗಿಯ ಕಿವಿ ಕಡಿ ತುದಿ ಪರದಾದ ಈಚಿಗಿ ಸಾಹೇಬ್ರ ಕಿವ್ಯಾಗ, ಎದಿ ಕಡಿ ತುದಿ ಪರದಾದ ಆಚಿಗಿ. ಒಳಗ ಯಾರು ಎಲ್ಲಿ ಹಿಡದಾರ ಅಂತ ದೇವರಿಗೇ ಗೊತ್ತು.

ಖೋಲಿ ಕತ್ತಲಿತ್ತು. ಅತ್ತರಿನ ವಾಸನಿ. ಪರದಾ ಅಲಗಾಡಂಗಿಲ್ಲ, ಒಳಗ ಬಳಿ ಸಪ್ಪಳ ಸೈತ ಇಲ್ಲ. ಸಾಹೇಬ್ರು ಕೇಳಕೋತ ಕುಂತ್ರು. ನೋಡ್ತಾ ನೋಡ್ತಾ ಅವರ ಮುಖದ ಬಣ್ಣ ಇಳೀತು. ನನ್ನ ಕಡಿ ಬಗ್ಗಿ, ಮನಿಯವರಿಗಿ ತಿಳೀಬಾರದು ಅಂತ ಕನ್ನಡದಾಗ ಅಂದ್ರು: "ಈ ಎದಿ ಹೊಡ್ಕೊಳ್ಳಾಕತ್ತದ. ಆದ್ರ ಒಳಗ ಉಸರಿಲ್ಲ."

ನನ್ನ ಕಿವಿಗೂ ಹಚ್ಚಿದ್ರು. ಖರೇನೇ. ಸಣ್ಣ, ಗಟ್ಟಿ, ತಣ್ಣನ್ನ ಬಡಿತ. ಒಂದರ ಹಿಂದ ಒಂದು, ಒಂದು ಕೂದಲೆಳಿ ಹೆಚ್ಚಿಲ್ಲ ಕಡಿಮಿ ಇಲ್ಲ. ಉಸರು ಎಳಕೊಳ್ಳೋದು ಇಲ್ಲ, ಬಿಡೋದು ಇಲ್ಲ. ಮನುಷ್ಯಾರ ಎದಿ ಹಂಗಿರಂಗಿಲ್ಲ. ನನ್ನ ಮೈಮ್ಯಾಲಿನ ಕೂದಲು ನಿಂತವು. "ಬೇಗಂ ಸಾಹಿಬಾ, ಒಂದ್ಸಲ ಜೋರಾಗಿ ಉಸರು ತಗೋರಿ" ಅಂದ್ರು ಸಾಹೇಬ್ರು. ಪರದಾದ ಆಚಿಗಿ ಯಾರೋ ಉಸರು ತಗೊಂಡಿದ್ದು ಬರೇ ಕಿವಿಗಿ ಕೇಳಿಸ್ತು, ನಳಿಗ್ಯಾಗ ಕೇಳಿಸಲಿಲ್ಲ. ಆ ಹೊತ್ತಿಗಿ ಎದಿ ಗಣಗಣ ಗಣಗಣ ಅಂತ ಬಾರಿಸಾಕ ಹತ್ತಿತು.

ನಾ ಕುರ್ಚಿ ಸಮೇತ ಬಿದ್ದೆ.

ದಿಂಬಿನ ಕೆಳಗ ಇದ್ದ ಅಲಾರಂ ಗಡಿಯಾರ ಅದು. ಆಮ್ಯಾಲ ಮುದುಕಿ ದಾಸಿ ಬಾಯಿ ಬಿಟ್ಲು. ಎದಿ ನಾಜೂಕು ಅಂತ ಡಾಕ್ಟರ್ ಹೇಳಿದ್ರ ಗಂಡ ಬೇಗಂರನ್ನ ಹೈದರಾಬಾದಿನ ಸಂಬಂಧಿಕರ ಮನಿಗಿ ಕಳಸಾಂವ ಇದ್ದ. ಬೇಗಂರಿಗಿ ಈ ಊರು, ಈ ಗಂಡ ಬಿಟ್ಟು ಹೋಗೋ ಮನಸಿಲ್ಲ. ಅದಕ್ಕ ತನ್ನ ಎದಿ ಬದಲು ಗಡಿಯಾರದ ಎದಿ ಕೇಳಿಸಿದ್ರು. ಸಾಹೇಬ್ರು ಹೊರಗ ಬಂದು ಗಂಡಗ, "ಎದಿ ಗಟ್ಟಿ ಅದ. ಊರು ಬಿಡಿಸಿದ್ರ ಮಾತ್ರ ನಿಲ್ತದ" ಅಂದ್ರು. ಚೀಟಿ ಬರೀರಿ ಅಂದಾಗ ಬರದ್ರು: "ದಿನಕ್ಕೊಮ್ಮೆ, ಮಲಗೋ ಮುಂದ, ಚಾವಿ."

೩. ನನ್ನ ಮುಖ

ಐದು ಡೋಸಿನ ಸುದ್ದಿ ಹೇಳೋ ಕೆಲಸ ಮಾಡಿ ಮಾಡಿ ನಾ ಊರಾಗ ಮುಖ ತೋರಸೋಹಂಗೇ ಉಳೀಲಿಲ್ಲ. ಯಾರಿಗರೆ "ಮನಿ ಕಡಿ ಎಲ್ಲಾ ಆರಾಮ ಏನ್ರಿ?" ಅಂದ್ರ ಸಾಕು, ಅದೇ ಮದಲನೇ ಡೋಸು ಅಂತ ತಿಳದು ಗೋಡಿ ಹಿಡಕೋತಿದ್ರು. ನಾ ಓಣ್ಯಾಗ ಹೊಂಟ್ರ ಒಂದೊಂದೇ ಬಾಗಲಾ ಮುಚ್ಚಕೋತ ಬರ್ತಿದ್ದವು. ಹೋಟೆಲ್ ಮಾಲಕ ನಾ ಕೇಳೋಕಿಂತ ಮದಲೇ ಚಾ ಹೊರಗ ಕಳಸತಿದ್ದ, ಒಳಗ ಬರಬಾರದು ಅಂತ.

ಅಂಥಾದ್ರಾಗ ನನಗ ಕನ್ಯಾ ನೋಡಾಕ ಬ್ರಹ್ಮಪುರ ಓಣಿಗಿ ಹೋಗಬೇಕಾತು. ನಮ್ಮ ಸೋದರಮಾವ ಹಿಂದ ಉಳದಿದ್ದ, ನಾ ಒಬ್ಬನೇ ಮುಂದ ಹೋಗಿ ಬಾಗಲಾ ಬಡದೆ. ಕನ್ಯಾದ ಅಪ್ಪ ಬಾಗಲಾ ತಗದವರೇ ನನ್ನ ನೋಡಿ ಎದಿ ಹಿಡ್ಕೊಂಡು ಕುಂತ್ರು. ಒಳಗಿನಿಂದ ಅಳು ಶುರು ಆತು. "ಡೋಸ್ ಗೀಸ್ ಬ್ಯಾಡಪ್ಪ, ನನ್ನ ಕೈಲೆ ತಾಳಾಕ ಆಗಂಗಿಲ್ಲ, ಒಮ್ಮೆಲೆ ಹೇಳಿಬಿಡು. ಯಾರು?" ಅಂದ್ರು. "ಯಾರೂ ಅಲ್ರೀ, ನಿಮ್ಮ ಮಗಳನ್ನ ನೋಡಾಕ ಬಂದೀನಿ" ಅಂದೆ. ನನ್ನ ಎರಡೂ ಕೈ ಹಿಡದು ಅತ್ತುಬಿಟ್ರು. "ಅಷ್ಟೇ ಏನೋ ಯಪ್ಪಾ? ಕೊಟ್ಟೆ, ಒಯ್ಯಿ" ಅಂದ್ರು.

ಕುಲ ಕೇಳಲಿಲ್ಲ, ಪಗಾರ ಕೇಳಲಿಲ್ಲ. ನಮ್ಮ ಮನಿಯಾಕಿ ಇವತ್ತಿಗೂ ಅಂತಾಳ, ಅಪ್ಪ ಆವತ್ತು ಐದೂ ಡೋಸು ಕೇಳಿದ್ರ ವಿಚಾರ ಮಾಡಾಕ ಟೈಮ್ ಸಿಗತಿತ್ತು ಅಂತ.

೪. ಹಿರೇರ ಎಡಿ

ವಾರಕ್ಕೊಮ್ಮೆ ಸಂತಿ ದಿನ ಔಷಧದ ಪೆಟಿಗಿ ತಗೊಂಡು ನಾ ಮೋಟಾರಿನ್ಯಾಗ ಕಮಲಾಪುರಕ್ಕ ಹೋಗತಿದ್ದೆ. ಅಲ್ಲಿ ಒಬ್ಬಾಕಿ ಮುದುಕಿ ಇದ್ಲು, ಎಲ್ಲಾರೂ ಆಯಿ ಅಂತಿದ್ರು. ಹಣಿ ತುಂಬ ವಿಭೂತಿ, ಗಟ್ಟಿ ಜೀವ, ಮನಿ ಹಿತ್ತಲದಾಗ ಕೆಂಪು ಬಾಳಿ ತ್ವಾಟ. ದೊಡ್ಡ ಮಗ ನಿಜಾಮರ ವಿರುದ್ಧ ಕಾದಾಡಾಕ ಗಡಿ ಆಚಿಗಿನ ಕ್ಯಾಂಪಿಗಿ ಓಡಿ ಹೋಗಿದ್ದ. ಪೋಲೀಸ್ ಜಮಾದಾರ ಮೂರು ಸಲ ಬಂದು ಮನಿ, ತ್ವಾಟ ಎಲ್ಲಾ ತುಳದು ಹುಡುಕಿದ್ದ. ಸಿಕ್ರ ಗುಂಡೇ ಅಂತ ಹೇಳಿ ಹೋಗಿದ್ದ. ಅಂದಿನಿಂದ ಆಯಿ ಎದಿ ಕೆಟ್ಟಿತ್ತು. ನಾಡಿ ಹಿಡದ್ರ ಬೆರಳ ಕೆಳಗ ಮೊಲ ಓಡಿದಂಗ ಓಡ್ತಿತ್ತು.

ಒಂದು ದಿನ ಆಯಿಯ ಸಣ್ಣ ಮಗ ಅಳಕೋತ ನಮ್ಮ ದವಾಖಾನಿಗಿ ಬಂದ. ಗಡಿ ಕಡಿಯಿಂದ ಬಂದ ಒಬ್ಬ ಮನುಷ್ಯಾ ಹೇಳಿ ಹೋದನಂತ, ಅಣ್ಣ ಕ್ಯಾಂಪಿನ್ಯಾಗ ಜ್ವರ ಬಂದು ಸತ್ತನಂತ. "ಅವ್ವಗ ಒಮ್ಮೆಲೆ ಹೇಳಿದ್ರ ಆಕೀನೂ ಹೋಗ್ತಾಳ್ರಿ. ಏನರೆ ಮಾಡ್ರಿ" ಅಂದ. ಸಾಹೇಬ್ರು ನನ್ನ ಕಡಿ ನೋಡಿದ್ರು. ಐದು ಸಂತಿ, ಐದು ಡೋಸು.

ಮದಲನೇ ಸಂತಿ. ಕಟ್ಟಿ ಮ್ಯಾಲ ಕುಂತು ಆಯಿ ನಾಡಿ ಹಿಡ್ಕೊಂಡು, "ಆಯಿ, ಗಡಿ ಕಡಿಯಿಂದ ಯಾರೋ ಬಂದಿದ್ರಂತ" ಅಂದೆ. ಆಯಿ ಹಿತ್ತಲ ಬಾಗಲಾ ಕಡಿ ಒಮ್ಮೆ ನೋಡಿದ್ಲು. ಹೊರಗ ಗಾಳಿ ಇದ್ದಿಲ್ಲ. ಬಾಳಿ ಎಲಿ ಒಂದು ಮಾತ್ರ ಅಲಗಾಡಾಕತ್ತಿತ್ತು.

ಎರಡನೇ ಸಂತಿ. "ನಿನ್ನ ದೊಡ್ಡ ಮಗಗ ಜ್ವರ ಬಂದಿತ್ತಂತ ಆಯಿ." ಅಷ್ಟರಾಗ ಹಿರೀ ಸೊಸಿ ತಾಟಿನ್ಯಾಗ ನಾಕು ಜ್ವಾಳದ ರೊಟ್ಟಿ, ಬದ್ನಿಕಾಯಿ ಪಲ್ಯ, ಉಳ್ಳಾಗಡ್ಡಿ ಹಚ್ಚಕೊಂಡು ಹಿತ್ತಲಕ್ಕ ಹೊಂಟ್ಲು. "ಯಾರಿಗವ್ವಾ?" ಅಂದೆ. "ಸತ್ತ ಹಿರೇರಿಗಿ ಎಡಿ. ಮಗ ಮನಿಗಿ ಬರ್ಲಿ ಅಂತ ಹರಕಿ ಹೊತ್ತೀನಿ, ದಿನಾ ಇಡ್ತೀವಿ" ಅಂದ್ಲು ಆಯಿ. ಸ್ವಲ್ಪ ಹೊತ್ತಿಗಿ ತಾಟು ಹೊಳ್ಳಿ ಬಂತು. ರೊಟ್ಟಿ ಚೂರು ಸೈತ ಉಳದಿಲ್ಲ, ಪಲ್ಯ ಒರಸಿ ತಿಂದದ. ಸಣ್ಣ ಮಗ ಕಣ್ಣು ಅರಳಿಸಿ ನನ್ನ ಕಿವ್ಯಾಗ ಅಂದ, "ನಮ್ಮ ಹಿರೇರು ಖರೇನೇ ಉಣ್ತಾರ್ರಿ. ನಿನ್ನಿ ಚಟ್ನಿ ಕಡಿಮಿ ಬಿತ್ತು ಅಂತ ತಾಟು ಬಡದು ಸಪ್ಪಳ ಮಾಡಿದ್ರು." ನಾ ಪೆಟಿಗಿ ಎತ್ತಿದವ ಮೋಟಾರ್ ಸ್ಟ್ಯಾಂಡಿನ ತನಕ ಹಿಂದ ನೋಡಲಿಲ್ಲ.

ಸ್ಟ್ಯಾಂಡಿನ್ಯಾಗ ಜಮಾದಾರ ನಿಂತಿದ್ದ. "ಕಂಪೌಂಡರ್, ಎಷ್ಟನೇದು ಕೊಟ್ಟಿ?" ಅಂದ. ಸಣ್ಣ ಮಗನ ಬಾಯಾಗ ಹುಲ್ಲಕಡ್ಡಿ ನಿಲ್ತಿದ್ದಿಲ್ಲ. ಅಣ್ಣ ಸತ್ತದ್ದು, ನಾ ಡೋಸು ಕೊಡೋದು, ಇಡೀ ಸಂತಿಗಿ ಹೇಳಿದ್ದ. "ಎರಡು ಆಗ್ಯಾವ್ರಿ" ಅಂದೆ. "ಐದೂ ಆಗ್ಲಿ. ತಾಯಿ ಅಳೋದು ನಾ ಕಣ್ಣಾರೆ ನೋಡಬೇಕು. ಆಮ್ಯಾಲೇ ನಮ್ಮ ಪಟ್ಟಿಯಿಂದ ಅವನ ಹೆಸರು ಹೊಡದು ಹಾಕಾಂವ" ಅಂದ.

ಮೂರನೇ ಸಂತಿಗಿ "ಡಾಕ್ಟರ್ರು ಆಸೆ ಬಿಟ್ಟಾರಂತ" ಅಂದೆ. ನಾಡಿ ಹಿಡದಿದ್ದೆ, ಇನ್ನ ಓಡ್ತದ ಅಂತ ಅಂಜಿಕೋತ. ಓಡಲಿಲ್ಲ. ಹೋದ ವಾರಕ್ಕಿಂತ ನಿಧಾನ ಆಗಿತ್ತು. ನನ್ನ ಬೆರಳೇ ಕೆಟ್ಟಾವೇನೋ ಅಂತ ನನ್ನ ನಾಡಿ ನಾ ಹಿಡದು ನೋಡಿದೆ. ಅದು ಮಾತ್ರ ಬರೋಬ್ಬರಿ ಓಡಾಕತ್ತಿತ್ತು. ಕಲಬುರ್ಗಿಗಿ ಬಂದು ಸಾಹೇಬ್ರಿಗಿ ಎಡಿ ತಾಟಿಂದು ಹಿಡದು ಎಲ್ಲಾ ಹೇಳಿದೆ. "ಮಗ ಸಾಯಾಕತ್ತಂಗ ತಾಯಿ ಎದಿ ಸುಧಾರಸಾಕತ್ತದ್ರಿ. ಇದೇನು ಚಂದಲ್ಲ." ಸಾಹೇಬ್ರು ಕನ್ನಡಕ ತಗದು ಒರಸಿಕೊಂಡ್ರು. "ಅಂಜಿಕಿ ಇಳ್ಯಾಕತ್ತದ ಅಂದ್ರ ಔಷಧ ಹತ್ತೇದ. ನಿಲ್ಲಸಬ್ಯಾಡ. ಹಿತ್ತಲಕ್ಕ ಮಾತ್ರ ಹೋಗಬ್ಯಾಡ" ಅಂದ್ರು.

ನಾಕನೇ ಸಂತಿಗಿ ನಾ ಬಾಯಿ ತೆರಿಯೋಕಿಂತ ಮದಲೇ ಆಯಿ ಅಂದ್ಲು, "ತಮ್ಮಾ, ನಾ ಅವನ್ನ ದಿನಾ ನೋಡ್ತೀನಿ." "ಯಾರನ್ನ ಆಯಿ?" "ನನ್ನ ಮಗನ್ನ. ಬಾಳಿ ಗಿಡದಾಗ ನಿಂದ್ರತಾನ. ಗಡ್ಡ ಬಂದದ. ಸೊರಗ್ಯಾನ." ಆಕಿ ಹಂಗ ಅನ್ನೋದಕ್ಕೂ ಹಿತ್ತಲದಾಗ ಯಾರೋ ಕೆಮ್ಮಿದ್ದಕ್ಕೂ ಸರಿ ಹೋತು. ಸಣ್ಣ ಕೆಮ್ಮು, ಬಾಯಿಗಿ ಅರಿವಿ ಹಿಡ್ಕೊಂಡು ಕೆಮ್ಮಿದಂಗ. "ನಿನಗ ಕೇಳಿಸ್ತೇನು?" ಅಂದ್ಲು ಆಯಿ, ನನ್ನ ಮುಖಾನೇ ನೋಡಕೋತ. "ಇಲ್ಲ" ಅಂದೆ. "ಒಳ್ಳೇದಾತು" ಅಂದ್ಲು.

ಐದನೇ ಸಂತಿಗಿ ಹೋಗಂಗಿಲ್ಲ ಅಂತ ಸಾಹೇಬ್ರ ಕಾಲು ಹಿಡದೆ. ಬಿಡಲಿಲ್ಲ. ಹೋದ್ರ ಏನು ನೋಡ್ಲಿ, ಕಟ್ಟಿ ಸುತ್ತ ಅರ್ಧ ಊರು ಕೂಡಿತ್ತು, ಗೋಡಿಗಿ ಆತಕೊಂಡು ಜಮಾದಾರನೂ ನಿಂತಿದ್ದ. ನಾ ಕಣ್ಣು ಮುಚ್ಚಿ ಹೇಳಿಬಿಟ್ಟೆ. "ಆಯಿ, ನಿನ್ನ ಮಗ ಇಲ್ಲ." ಬೆರಳ ಕೆಳಗ ನಾಡಿ ಅಲಗಾಡಲಿಲ್ಲ. ಗಡಿಯಾರ ತಪ್ಪಬೇಕು, ಅದು ತಪ್ಪಂಗಿಲ್ಲ, ಹಂಗ ನಡ್ಯಾಕತ್ತಿತ್ತು. ಆಮ್ಯಾಲ ಆಯಿ ಎದ್ದು ನಿಂತ್ಲು. ಸೆರಗು ಬಾಯಿಗಿ ಹಿಡದು ಹಾಡ್ಯಾಡಿ ಅಳಾಕ ಶುರು ಮಾಡಿದ್ಲು. ಹುಟ್ಟಿದಾಗ ಹೆಂಗಿದ್ದ, ಕುಸ್ತಿ ಹೆಂಗ ಹಿಡೀತಿದ್ದ, ರೊಟ್ಟಿ ಎಷ್ಟು ತಿಂತಿದ್ದ, ಎಲ್ಲಾ ಹಾಡಿನ್ಯಾಗ. ಊರೇ ಅತ್ತಿತು. ಸಣ್ಣ ಮಗ ನೆಲಕ್ಕ ಬಿದ್ದು ಹೊಳ್ಳ್ಯಾಡಿದ. ಜಮಾದಾರ ಸೈತ ರುಮಾಲ್ ತುದಿಲೆ ಕಣ್ಣು ಒರಸಿಕೊಂಡು, "ಆತು, ಇನ್ನ ಈ ಮನಿ ಕಡಿ ನಮ್ಮ ಕೆಲಸಿಲ್ಲ" ಅಂತ ಹೋದ.

ಮಂದಿ ಚದುರಿದ್ರು. ಸಾವಿನ ಮನಿಯಿಂದ ಹೊರಡೋ ಮುಂದ ಕಾಲು ತೊಳಕೊಂಡು ಹೋಗಬೇಕು, ಅದು ರೀತಿ. ನೀರಿನ ತೊಟ್ಟಿ ಇದ್ದದ್ದು ಹಿತ್ತಲದಾಗ. ಸಾಹೇಬ್ರು ಹೋಗಬ್ಯಾಡ ಅಂದಿದ್ರು, ಆದ್ರ ರೀತಿ ಹೆಂಗ ಬಿಡೋದು? ಹೋದೆ. ತೊಟ್ಟಿ ಮುಂದ ಬಗ್ಗಿ ಚರಗಿ ಹುಡುಕಾಕತ್ತಿದ್ದೆ. ಬಾಳಿ ಎಲಿ ಸರಸಿ ಒಂದು ಕೈ ಬಂತು. ಕೈಯಾಗ ನೀರು ತುಂಬಿದ ಚರಗಿ. ಎಲಿ ಹಿಂದಿನಿಂದ ಒಂದು ದನಿ, "ತಗೋರಿ ಕಂಪೌಂಡರ್ರೆ. ನನ್ನ ಸಲುವಾಗಿ ಭಾಳ ತ್ರಾಸ ತಗೊಂಡ್ರಿ."

ಮುಂದ ಏನಾತು ನನಗ ಗೊತ್ತಿಲ್ಲ. ಕಣ್ಣು ತೆರದಾಗ ಆಯಿ ನನ್ನ ಎದಿ ತಿಕ್ಕಾಕತ್ತಿದ್ಲು. ಸತ್ತ ಮನುಷ್ಯಾ ಗಡ್ಡ ಬಿಟ್ಕೊಂಡು ಬಾಳಿ ಎಲಿಲೆ ಗಾಳಿ ಹಾಕಾಕತ್ತಿದ್ದ. ಕ್ಯಾಂಪಿನಿಂದ ಹೊಳ್ಳಿ ಬಂದು ಎರಡು ತಿಂಗಳಿಂದ ಅಲ್ಲೇ ಇದ್ದ. ಸತ್ತ ಸುದ್ದಿ ಹೇಳಾಕ ಸಣ್ಣ ಮಗನ ಹತ್ರ ಮನುಷ್ಯಾನ್ನ ಕಳಿಸಿದಾಕೀನೇ ಆಯಿ. ಸಣ್ಣ ಮಗ ಸಂತಿಗಿ ಹೇಳ್ತಾನ, ಸಂತಿ ಜಮಾದಾರಗ ಹೇಳ್ತದ, ಆದ್ರ ನಂಬಬೇಕಾದ್ರ ದವಾಖಾನಿ ಮನುಷ್ಯಾ ಬಂದು ಹೇಳಬೇಕು ಅಂತ ಆಕಿ ಲೆಕ್ಕ. ಮಗ ಎಲ್ಲರ ಬಾಯಾಗ ಸಾಯಾಕತ್ತಂಗ ಆಕಿ ಎದಿ ಹಗುರ ಆಗಾಕತ್ತಿತ್ತು.

ಸತ್ತವ ನನ್ನ ಮುಖ ನೋಡಿ ಹಳಹಳಿಸಿದ. "ತಪ್ಪಾತು ಯವ್ವಾ. ಇವರಿಗಿ ನಾ ಬದುಕೀನಿ ಅಂತ ಮೂರು ಡೋಸಿನ್ಯಾಗ ಹೇಳಬೇಕಾಗಿತ್ತು."

೫. ಚಾ ಕುಡಿಯೋ ಹಿರೇರು

ಭಾರತದ ಫೌಜು ಬಂತು, ಪೋಲೀಸ್ ಆಕ್ಷನ್ ಆತು. ನಾಕೈದು ದಿನದಾಗ ನಿಜಾಮರ ರಾಜ್ಯ ಹೋತು. ಆಯಿಯ ದೊಡ್ಡ ಮಗ ಹಾಡಹಗಲೇ ಸಂತ್ಯಾಗ ಬಂದು ನಿಂತ. ಅವನ ತಮ್ಮಗ ಮೂರು ಡೋಸಿನ್ಯಾಗ ಹೇಳಿದ್ದೆ, ಆದ್ರೂ ಅಣ್ಣನ್ನ ಮುಟ್ಟಿ ಮುಟ್ಟಿ ನೋಡಿ ಅತ್ತ.

ಆದ್ರ ಅಂಜಿಕಿ ಹೋಗಲಿಲ್ಲ, ಮನಿ ಬದಲು ಮಾಡ್ತು ಅಷ್ಟೇ. ನಿನ್ನಿ ಬಾಗಲಾ ಹಾಕ್ಕೊಂಡವರು ಇವತ್ತು ತಗದ್ರು, ನಿನ್ನಿ ತಗದಿದ್ದವರು ಹಾಕ್ಕೊಂಡ್ರು. ಹೆಸರು ಕೇಳಿ ಹೊಡ್ಯಾಕ ಬರೋ ಮಂದಿ ಈಗ ಬ್ಯಾರೆ ಇದ್ರು, ಅಂಜೋರು ಮುಸಲ್ಮಾನರು. ಸಾಹೇಬ್ರ ಹೆಂಡತಿ ಮಕ್ಕಳು ಮದಲೇ ಹೈದರಾಬಾದಿಗಿ ಹೋಗಿದ್ರು, ರೋಗಿಗಳನ್ನ ಬಿಟ್ಟು ಹೆಂಗ ಹೋಗ್ಲಿ ಅಂತ ಸಾಹೇಬ್ರು ಉಳದಿದ್ರು. ಒಮ್ಮೆ ತಮ್ಮ ಎದಿಗಿ ತಾವೇ ನಳಿಗಿ ಹಚ್ಕೊಂಡು ಕುಂತದ್ದು ನೋಡಿದೆ.

ಒಂದು ಮುಂಜಾನಿ ಆಯಿ ಸ್ಟೇಶನ್ ಬಜಾರಕ್ಕ ಬಂದ್ಲು. ಜೀವಮಾನದಾಗ ಮದಲನೇ ಸಲ ಮೋಟಾರ್ ಹತ್ತಿದ್ಲು. ಬೆಂಚಿನ ಮ್ಯಾಲ ಕುಂತು, "ಸಾಹೇಬ್ರೆ, ನಿಮಗೊಂದು ಸುದ್ದಿ ಅದ. ಐದು ಸಲ ಬಂದು ಹೇಳಾಕ ಆಗಂಗಿಲ್ಲ, ಮೋಟಾರಿನ್ಯಾಗ ನನಗ ವಾಂತಿ ಬರ್ತದ. ಐದೂ ಒಮ್ಮೆಲೆ ಕುಡೀರಿ. ಇವತ್ತ ಸಂಜಿಗಿ ನಿಮ್ಮ ಮನಿಗಿ ಹೊಡ್ಯಾಕ ಬರ್ತಾರ. ನಡೀರಿ" ಅಂದ್ಲು. ಗಂಟಿನ್ಯಾಗಿಂದ ಸತ್ತ ಗಂಡನ ಧೋತ್ರ, ರುಮಾಲ್ ತಗದು ಕೊಟ್ಲು. ತನ್ನ ಕೈಲೇ ಅವರ ಹಣಿಗಿ ವಿಭೂತಿ ಎಳದ್ಲು. "ಬ್ಯಾಸರ ಮಾಡ್ಕೋಬ್ಯಾಡ್ರಿ, ಮೋಟಾರ್ ಇಳಿಯೋ ತನಕ" ಅಂದ್ಲು.

ನಾನೂ ಜೋಡಿ ಮೋಟಾರ್ ಹತ್ತಿದೆ. ಅರ್ಧ ದಾರ್ಯಾಗ ಬಡಿಗಿ ಹಿಡದ ನಾಕು ಮಂದಿ ಮೋಟಾರ್ ನಿಲ್ಲಿಸಿದ್ರು. ಒಳಗ ಹತ್ತಿ ಒಂದೊಂದೇ ಮುಖ ನೋಡಕೋತ ಬಂದ್ರು. ಮೋಟಾರ್ ತುಂಬ ಒಂದು ಸಪ್ಪಳಿಲ್ಲ. ನನ್ನ ಬಾಜೂಕ ಸಾಹೇಬ್ರ ಎದಿ ಹೊಡ್ಕೊಳ್ಳೋದು ನಳಿಗಿ ಇಲ್ಲದೇನೇ ನನಗ ಕೇಳಸಾಕತ್ತಿತ್ತು. ಆಯಿ ಸಾವಕಾಶ ಅವರ ತಲಿ ತನ್ನ ಮಡಿಲಿಗಿ ಹಾಕ್ಕೊಂಡು, ಮುಖದ ಮ್ಯಾಲ ಸೆರಗು ಎಳದು, ಹಾಡ್ಯಾಡಿ ಅಳಾಕ ಶುರು ಮಾಡಿದ್ಲು. "ಯಾರು ಸತ್ತಾರ?" ಅಂತ ಅವರಾಗಿನ ದೊಡ್ಡಾಂವ ಗದರಿಸಿದ. ಅಷ್ಟರಾಗ ಅವನ ಕಣ್ಣು ನನ್ನ ಮುಖದ ಮ್ಯಾಲ ಬಿತ್ತು. ಕಲಬುರ್ಗಿ ಮನುಷ್ಯಾ ಇರಬೇಕು. ಬಡಿಗಿ ಕೆಳಗ ಇಳೀತು, ಎಡಗೈ ಎದಿ ಮ್ಯಾಲ ಹೋತು. "ಕಂಪೌಂಡರ್ರೆ," ಅಂದ ಸಣ್ಣ ದನಿಲೆ, "ನಮ್ಮ ಮನಿಗಿ ಅಲ್ಲಲ್ರೀ?"

"ಸಧ್ಯಕ್ಕ ಅಲ್ಲ" ಅಂದೆ. ನಾಕೂ ಮಂದಿ ಇಳದು ಹೋದ್ರು.

ಸಾಹೇಬ್ರು ಬಾಳಿ ತ್ವಾಟದಾಗ ಉಳದ್ರು. ಸಣ್ಣ ಮಗಗ ಮಾತ್ರ ಹೇಳಲಿಲ್ಲ, ಅವನ ಬಾಯಿ ಎಲ್ಲರಿಗೂ ಗೊತ್ತು. ಮಗ ಬಂದ ಹರಕಿ ತೀರಸಾಕತ್ತೀನಿ ಅಂತ ಆಯಿ ಮತ್ತ ಎಡಿ ಇಡಾಕ ಹತ್ತಿದ್ಲು, ಈಗ ತಾಟಿನ ಜೋಡಿ ಎರಡು ಹೊತ್ತು ಚಾ. ಸಣ್ಣ ಮಗ ನನ್ನ ಹಿಡದು ನಿಲ್ಲಿಸಿ ಅಂದ, "ನಮ್ಮ ಮುತ್ಯಾ ಜೀವ ಇರೋತನಕ ಚಾ ಮುಟ್ಟಿದವ ಅಲ್ರೀ. ಸತ್ತ ಮ್ಯಾಲ ಚಟಾ ಕಲ್ತಾನ."

ಊರು ತಣ್ಣಗಾದ ಮ್ಯಾಲ ಒಂದು ದಿನ ನಾ ಹೋದಾಗ ಸಾಹೇಬ್ರು ಬಾಳಿ ಗಿಡದ ಕೆಳಗ ಕುಂತು ಆಯಿ ನಾಡಿ ಹಿಡದಿದ್ರು. ಅವರ ಮುಖ ಗಂಟಾಗಿತ್ತು. "ಆಯಿ, ಇದೇನ್ರಿ ಇದು? ನಾಡಿ ಮತ್ತ ಮದಲಿನಂಗ ಓಡಾಕತ್ತದ. ಮಗ ಹೊರಗ ಬಂದ, ಜಮಾದಾರ ಹೋದ. ಇನ್ನೇನು ಅಂಜಿಕಿ ನಿಮಗ?" ಅಂದ್ರು.

"ಹಿತ್ತಲದಾಗ ನೀವು ಅದೀರಲ್ರೀ" ಅಂದ್ಲು ಆಯಿ.

ಸಾಹೇಬ್ರು ನಾಡಿ ಬಿಟ್ರು. ಆಮ್ಯಾಲ ಡಾಕ್ಟರ್ ದನಿಲೇ, "ಹಂಗಾದ್ರ ಔಷಧ ಸಸ್ತಾ ಅದ. ನಾ ಇವತ್ತೇ ಹೋಗ್ತೀನಿ, ನಿಮ್ಮ ಎದಿ ಓಡೋದು ನಿಲ್ತದ" ಅಂತ ಎದ್ರು.

ಆಯಿ ಅವರ ಧೋತ್ರದ ಚುಂಗು ಹಿಡದು ಎಳದು ಕುಂಡರಿಸಿದ್ಲು. "ನೀವು ಹೋದ್ರ ಪೂರಾನೇ ನಿಲ್ತದ್ರಿ" ಅಂದ್ಲು. "ಚಾ ಕುಡೀರಿ."